ಹಿಂದಿನ ಬ್ರೇಕ್ ಪ್ಯಾಡ್ ಬದಲಾವಣೆ: ಪಿಸ್ಟನ್ ಒಳಗೆ ಹೋಗ್ತಾನೇ ಇಲ್ಲ

ಪ್ರಶ್ನೆ
ಕಾರಿನ ಹಿಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್, ಕೈಬ್ರೇಕ್ ಕೇಬಲ್ ನೇರವಾಗಿ ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್‌ಗೇ ಬರುತ್ತೆ. ಎಡಗಡೆ ಒಳಗಿನ ಪ್ಯಾಡ್ 2 ಮಿ.ಮೀ. ಉಳಿದಿದೆ, ಹೊರಗಿನದು 6 ಮಿ.ಮೀ. ಹೊಸ ಪ್ಯಾಡಿಗೆ ಜಾಗ ಮಾಡೋಕೆ ಸಿ-ಕ್ಲಾಂಪ್ ಹಾಕಿ ಎಷ್ಟು ಬಿಗಿದರೂ ಕ್ಯಾಲಿಪರ್ ಒಳಗಿನ ಪಿಸ್ಟನ್ ಅಲ್ಲಾಡ್ತಿಲ್ಲ. ಇನ್ನೂ ಬಲ ಹಾಕಬಹುದಾ?

ಉತ್ತರ 1
ಬೇಡ ಸಾರ್, ಮೊದಲು ಕ್ಲಾಂಪ್ ಬಿಚ್ಚಿ. ಈ ಥರದ ಕ್ಯಾಲಿಪರ್ ಒಳಗೆ ಕೈಬ್ರೇಕಿನ ಸ್ಕ್ರೂ ಇರುತ್ತೆ. ಪ್ಯಾಡ್ ಸವೆದ ಹಾಗೆಲ್ಲ ಪಿಸ್ಟನ್ ಅದರ ಥ್ರೆಡ್ ಮೇಲೆ ಮುಂದಕ್ಕೆ ಬಂದು ನಿಂತಿರುತ್ತೆ. ಬರೀ ಒತ್ತಿದರೆ ಥ್ರೆಡ್ಡೇ ಹಾಳು. ವಿಂಡ್‌ಬ್ಯಾಕ್ ಟೂಲ್ ಹಾಕಿ ಒತ್ತುತ್ತಾ ತಿರುಗಿಸಬೇಕು. ಸಾಮಾನ್ಯವಾಗಿ ಗಡಿಯಾರದ ಮುಳ್ಳಿನ ದಿಕ್ಕಿಗೆ, ಕೆಲವು ಕಾರಲ್ಲಿ ಒಂದು ಬದಿ ಉಲ್ಟಾ. ಮ್ಯಾನುಯಲ್ ನೋಡಿ.

ಕೈಬ್ರೇಕ್ ಪೂರ್ತಿ ಇಳಿಸಿರಬೇಕು, ಹಾಗಾಗಿ ಮುಂದಿನ ಚಕ್ರಗಳಿಗೆ ಎರಡೂ ಕಡೆ ಅಡೆ ಕೊಡಿ, ಕಾರು ಜ್ಯಾಕ್ ಸ್ಟ್ಯಾಂಡ್ ಮೇಲೆ ಕೂತಿರಲಿ. ಪಿಸ್ಟನ್ ಒಳಗೆ ಹೋದಂತೆ ಬ್ರೇಕ್ ಆಯಿಲ್ ಡಬ್ಬಿ ತುಂಬಿ ಬರುತ್ತೆ. ಚೆಲ್ಲಿದರೆ ಪೇಂಟ್ ಏಳುತ್ತೆ. ಪಿಸ್ಟನ್ ಜೊತೆ ಅದರ ಸುತ್ತಲಿನ ರಬ್ಬರ್ ಬೂಟ್ (ಧೂಳು ತಡೆಯುವ ಕವಚ) ಮುರುಟಿಕೊಂಡರೆ ನಿಲ್ಲಿಸಿ ಬಿಡಿಸಿಕೊಳ್ಳಿ.

ಬಹಳ ಜನ ಬಿಟ್ಟುಬಿಡೋದು ಇದು: ಒಳ ಪ್ಯಾಡಿನ ಬೆನ್ನಲ್ಲಿ ಚಿಕ್ಕ ಗುಬಟು ಇದ್ದರೆ, ಅದು ಪಿಸ್ಟನ್ ಮುಖದ ಕಚ್ಚಿನೊಳಗೆ ಕೂರಬೇಕು. ಕೂರದಿದ್ದರೆ ಪ್ಯಾಡ್ ಓರೆಯಾಗಿ ಸವೆಯುತ್ತೆ, ಪಿಸ್ಟನ್ ಸ್ಕ್ರೂ ಜೊತೆ ತಾನೂ ತಿರುಗಿಬಿಡುತ್ತೆ, ಆಗ ಕೈಬ್ರೇಕ್ ಅಡ್ಜಸ್ಟ್ ಆಗಲ್ಲ.

ಉತ್ತರ 2
2ಕ್ಕೂ 6ಕ್ಕೂ ಇಷ್ಟು ವ್ಯತ್ಯಾಸ ಅಂದರೆ ಮೊದಲ ಅನುಮಾನ ಸ್ಲೈಡ್ ಪಿನ್ ಮೇಲೆ. ಪಿಸ್ಟನ್ ಇರೋದು ಒಳಬದಿಗೆ ಮಾತ್ರ. ಹೊರ ಪ್ಯಾಡನ್ನು ಎಳೆಯೋದು ಪಿನ್ ಮೇಲೆ ಜಾರುವ ಕ್ಯಾಲಿಪರ್. ಪಿನ್ ಕಚ್ಚಿಕೊಂಡರೆ ಒಳಗಿನದೇ ಎಲ್ಲ ಕೆಲಸ ಮಾಡುತ್ತೆ. ಎರಡೂ ಪಿನ್ ತೆಗೆದು ಒರೆಸಿ, ಬ್ರೇಕಿಗೇ ಅಂತ ಸಿಗುವ ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿ. ಬೇರಿಂಗ್ ಗ್ರೀಸ್ ಹಚ್ಚಿದರೆ ರಬ್ಬರ್ ಊದಿಕೊಳ್ಳುತ್ತೆ. ಒಂದು ಪಿನ್ನಿಗೆ ಮಾತ್ರ ರಬ್ಬರ್ ತೋಳಿದ್ದರೆ ಮೇಲಿನದು ಕೆಳಗೆ ಅದಲುಬದಲು ಬೇಡ.

ಕ್ಯಾಲಿಪರ್ ಮೇಲಿನ ಕೈಬ್ರೇಕ್ ಲಿವರ್ ಪೂರ್ತಿ ಹಿಂದೆ ಬಂದು ಸ್ಟಾಪರ್‌ಗೆ ತಾಗುತ್ತಾ ನೋಡಿ. ತಾಗದಿದ್ದರೆ ಕೇಬಲ್ ಜಾಮ್ ಆಗಿರಬಹುದು. ಹೊಸ ಪ್ಯಾಡನ್ನೂ ತಿಂದುಹಾಕುತ್ತೆ.

ಪ್ರಶ್ನೆ ಕೇಳಿದವರು
ತಿರುಗಿಸಿದ್ದಕ್ಕೆ ಸಲೀಸಾಗಿ ಹೋಯ್ತು. ಕೆಳಗಿನ ಪಿನ್ ಬೂಟ್ ಹರಿದು ತುಕ್ಕು ಹಿಡಿದಿದೆ. ಉಪ್ಪುಕಾಗದ ಹಾಕಿ ಉಜ್ಜಿದರೆ ಸಾಕಾ?

ಉತ್ತರ 2
ಮೇಲ್ಮೈ ತುಕ್ಕಾದರೆ ಸರಿ, ಗುಳಿ ಬಿದ್ದಿದ್ದರೆ ಪಿನ್ ಬದಲಿಸಿ. ಬೂಟ್ ಅಂತೂ ಹೊಸದೇ ಆಗಬೇಕು. ಪ್ಯಾಡ್ ಎರಡೂ ಚಕ್ರಕ್ಕೆ ಒಟ್ಟಿಗೇ ಹಾಕಿ.

ಉತ್ತರ 3
ಇದನ್ನು ಓದುವ ಬೇರೆಯವರಿಗೆ: ಬಟನ್ ಒತ್ತುವ ಕೈಬ್ರೇಕ್ ಇದ್ದರೆ ಸರ್ವೀಸ್ ಮೋಡ್‌ಗೆ (ಕೈಬ್ರೇಕ್ ಮೋಟಾರ್ ಪೂರ್ತಿ ಹಿಂದೆ ಸರಿದಿರುವ ಸ್ಥಿತಿ) ಹಾಕದೆ ಕ್ಯಾಲಿಪರ್ ಮುಟ್ಟಬೇಡಿ, ಆ ಮೋಟಾರ್ ಹಾಳಾಗಬಹುದು.

ಎಲ್ಲ ಕೂಡಿಸಿದ ಮೇಲೆ ಕಾರು ಕದಲಿಸುವ ಮುಂಚೆ ಪೆಡಲ್ ಗಟ್ಟಿಯಾಗುವ ತನಕ ತುಳಿಯಿರಿ, ಇಲ್ಲದಿದ್ದರೆ ಮೊದಲ ತುಳಿತಕ್ಕೆ ಪೆಡಲ್ ನೆಲಕ್ಕೇ ಹೋಗುತ್ತೆ. ಆಯಿಲ್ ಮಟ್ಟ ನೋಡಿಕೊಂಡು, ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಲು ಖಾಲಿ ರಸ್ತೆಯಲ್ಲಿ 50ರಿಂದ 10 ಕಿ.ಮೀ. ವೇಗಕ್ಕೆ ಎಂಟು-ಹತ್ತು ಸಲ ಹದವಾಗಿ ಇಳಿಸಿ. ನಡುವೆ ತಣಿಯಲು ಬಿಡಿ, ಬಿಸಿ ಇರುವಾಗ ಪೂರ್ತಿ ನಿಲ್ಲಿಸಿ ಬ್ರೇಕ್ ಒತ್ತಿ ಹಿಡಿಯಬೇಡಿ.