ಮಗಳ ಮೊದಲ ಸಂಕ್ರಾಂತಿ: ಹಣ್ಣು ಎರೆಯುವುದು ಹೇಗೆ, ನೆಂಟರಿಗೆ ಏನು ಹೇಳುವುದು?

ಮಗಳಿಗೆ ಈಗ 13 ತಿಂಗಳು. ಸಂಕ್ರಾಂತಿಗೆ ಮಂಡ್ಯದ ಹತ್ತಿರ ಅತ್ತೆ ಮನೆಗೆ ಹೋಗುತ್ತಿದ್ದೇವೆ. ಹೋದ ವರ್ಷ ತೀರಾ ಹಸುಗೂಸು, ಹಾಗಾಗಿ ಊರಲ್ಲಿ ಇದೇ ಮೊದಲ ಹಬ್ಬ. ಎಳಚಿ ಹಣ್ಣು ಎರೆದು ಆರತಿ ಮಾಡಬೇಕು ಅಂತ ಅತ್ತೆಗೆ ತುಂಬಾ ಆಸೆ. ಮನೆ ತುಂಬ ಜನ ಸೇರುತ್ತಾರೆ. ಇವಳೋ ಹೊಸಬರನ್ನು ಕಂಡರೆ ಅಳುತ್ತಾಳೆ. ಇನ್ನೂ ನಡೆಯುವುದಿಲ್ಲ, ಸೋಫಾ ಹಿಡಿದು ಸರಿಯುತ್ತಾಳೆ ಅಷ್ಟೇ. "ಇನ್ನೂ ನಡೆದಿಲ್ವಾ?" ಅಂತ ಫೋನಿನಲ್ಲೇ ಶುರುವಾಗಿದೆ. ಎಳ್ಳು ಬೆಲ್ಲ ತಿನ್ನಿಸಬಹುದಾ? ಗೊತ್ತಿರುವವರು ಹೇಳಿ.

ಮೈಸೂರಿನಿಂದ, ಇಬ್ಬರು ಮಕ್ಕಳ ತಾಯಿ

ಎರೆಯುವ ಶಾಸ್ತ್ರ ನಮ್ಮಲ್ಲಿ ಸಾಯಂಕಾಲ, ಆರತಿ ಹೊತ್ತಿಗೆ. ಅಷ್ಟರಲ್ಲಿ ಮಗುವಿಗೆ ನಿದ್ದೆ ಆಗಿರಬೇಕು, ಹೊಟ್ಟೆ ತುಂಬಿರಬೇಕು. ಇವೆರಡು ಆಗಿಲ್ಲ ಅಂದರೆ ಎಂಥ ಒಳ್ಳೇ ಗಳಿಗೆಯಾದರೂ ಅಳು ಗ್ಯಾರಂಟಿ. ರೇಷ್ಮೆ ಲಂಗ, ಗೆಜ್ಜೆ, ಬೈತಲೆ ಬೊಟ್ಟು ಎಲ್ಲಾ ಹಾಕಿ ಗಂಟೆಗಟ್ಟಲೆ ಮೊದಲೇ ರೆಡಿ ಮಾಡಿ ಕೂರಿಸಬೇಡಿ. ಆರತಿ ತಟ್ಟೆ ಸಿದ್ಧವಾದ ಮೇಲೆ ಲಂಗ ಹಾಕಿ. ಒಳಗೆ ಕಾಟನ್ ಬನಿಯನ್ ಇರಲಿ, ಜರಿ ಚುಚ್ಚುತ್ತದೆ.

ಮಣೆ ಮೇಲೆ ಒಬ್ಬಳನ್ನೇ ಕೂರಿಸಿದರೆ ಕೂರುವ ವಯಸ್ಸಲ್ಲ. ನಿಮ್ಮ ತೊಡೆ ಮೇಲೆ ಕೂರಿಸಿಕೊಳ್ಳಿ. ತಲೆ ಮೇಲೆ ಏನೋ ಬಂದು ಬಿದ್ದರೆ ದೊಡ್ಡವರಿಗೇ ಗಾಬರಿಯಾಗುತ್ತದೆ, ಅಲ್ವಾ? ಅದಕ್ಕೆ ಮೊದಲು ಅವಳ ಅಪ್ಪನಿಗೆ ಎರೆಯಿರಿ. ಅವಳ ಕೈಯಿಂದಲೇ ಸುರಿಸಿ. ನನ್ನ ಮಗ ಅಪ್ಪನ ಬೋಳುತಲೆ ಮೇಲಿಂದ ಎಳಚಿ ಹಣ್ಣು ಉರುಳುವುದನ್ನು ನೋಡಿ ಕೇಕೆ ಹಾಕಿ ನಕ್ಕಿದ್ದ. ಅವನ ಸರದಿ ಬಂದಾಗ ತಾನೇ ತಲೆ ಬಗ್ಗಿಸಿದ. ನೆಂಟರೆಲ್ಲ ಇನ್ನೊಂದು ಸಲ, ಇನ್ನೊಂದು ಸಲ ಅಂದರು. ಒಂದು ಸಲಕ್ಕೇ ನಿಲ್ಲಿಸಿದ್ದು ಒಳ್ಳೇದಾಯಿತು.

ಪಾವಿನ ತುಂಬ ತೆಗೆದುಕೊಂಡು ಎತ್ತರದಿಂದ ಸುರಿಯುವುದು ಬೇಡ. ಬೊಗಸೆಯಲ್ಲಿ ನಾಲ್ಕು ಹಣ್ಣು, ಒಂದಿಷ್ಟು ಸೇವಂತಿಗೆ ಎಸಳು ಸಾಕು. ಕಬ್ಬಿನ ಚೂರು ಹಾಕಲೇಬೇಕು ಅಂದರೆ ಸಿಪ್ಪೆ ಹೆರೆದು ಹಾಕಿ, ಅಂಚು ಗೀರುತ್ತದೆ.

ಮುಖ್ಯವಾದ ಮಾತು, ಕೆಳಗೆ ಒಂದು ಹಳೇ ಸೀರೆ ಹಾಸಿ. ಆರತಿ ಮುಗಿದ ಕೂಡಲೇ ನಾಲ್ಕು ತುದಿ ಹಿಡಿದು ಎತ್ತಿಬಿಡಿ. ಚಿಲ್ಲರೆ ಕಾಸು, ಹಣ್ಣು, ಕಬ್ಬು ಎಲ್ಲಾ ಗಂಟಾಗಿ ಎದ್ದು ಬರುತ್ತದೆ. ಇಲ್ಲದಿದ್ದರೆ ಮಂಚದ ಕೆಳಗೆ ಉರುಳಿದ ಒಂದು ರೂಪಾಯಿ ನಾಣ್ಯ ಮಾರನೇ ದಿನ ಇವಳ ಕೈಗೇ ಸಿಗುತ್ತದೆ, ಅಲ್ಲಿಂದ ನೇರ ಬಾಯಿಗೆ. ಅಕ್ಕಪಕ್ಕದ ಮಕ್ಕಳು ಆರಿಸಿಕೊಳ್ಳಬೇಕಲ್ಲ ಅಂತ ಅತ್ತೆ ಹೇಳಿದರೆ, ಗಂಟನ್ನು ಜಗಲಿಗೆ ಒಯ್ದು ಅಲ್ಲಿ ಬಿಚ್ಚಿ. ಅವರ ಗಲಾಟೆಯೂ ಆಚೆಗೆ ಹೋಗುತ್ತದೆ.

ಮಕ್ಕಳ ವಾರ್ಡಿನ ನರ್ಸ್, ಬೆಂಗಳೂರು

ನಡೆಯುವ ವಿಷಯ ಮೊದಲು. ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿದಂತೆ ಐದು ದೇಶಗಳ ಆರೋಗ್ಯವಂತ ಮಕ್ಕಳನ್ನು ಗಮನಿಸಿ 2006ರಲ್ಲಿ ವರದಿ ಕೊಟ್ಟಿತ್ತು. ಯಾವ ಆಸರೆಯೂ ಇಲ್ಲದೆ ನಡೆಯಲು ಶುರು ಮಾಡುವುದು ಸುಮಾರು 8 ತಿಂಗಳಿಂದ ಹದಿನೇಳೂವರೆ ತಿಂಗಳೊಳಗೆ ಯಾವಾಗ ಬೇಕಾದರೂ ಆಗಬಹುದು ಅಂತ ಅದರಲ್ಲಿ ಕಂಡುಬಂತು. ಕೆಲವು ಮಕ್ಕಳು ಅಂಬೆಗಾಲನ್ನೇ ಇಡದೆ ನೇರ ಎದ್ದು ನಡೆದಿದ್ದೂ ಇದೆ. ನಿಮ್ಮ ಮಗಳು ಸೋಫಾ ಹಿಡಿದು ಸರಿಯುತ್ತಾಳೆ ಅಂದಮೇಲೆ ಅವಳು ಆ ದಾರಿಯಲ್ಲೇ ಇದ್ದಾಳೆ. 18 ತಿಂಗಳಾದರೂ ನಡೆಯದಿದ್ದರೆ ಡಾಕ್ಟರಿಗೆ ತೋರಿಸಿ. ಒಂದೇ ಕಡೆಯ ಕೈಕಾಲು ಜಾಸ್ತಿ ಬಳಸಿದರೆ, ಮೊದಲು ಮಾಡುತ್ತಿದ್ದುದನ್ನು ಬಿಟ್ಟುಬಿಟ್ಟರೆ ಅಲ್ಲಿಯವರೆಗೂ ಕಾಯಬೇಡಿ.

ಹಬ್ಬಕ್ಕೆ ಯಾರಾದರೂ ಚಕ್ರದ ವಾಕರ್ ಉಡುಗೊರೆ ತಂದೇ ತರುತ್ತಾರೆ. ನಗುತ್ತಾ ತೆಗೆದುಕೊಂಡು ಅಟ್ಟಕ್ಕೆ ಹಾಕಿ. ಅದರಿಂದ ನಡಿಗೆ ಬೇಗ ಬರುವುದಿಲ್ಲ. ಹೊಸ್ತಿಲು, ಮೆಟ್ಟಿಲ ಹತ್ತಿರ ಮಗುಚಿಕೊಂಡು ತಲೆಗೆ ಪೆಟ್ಟಾಗುತ್ತದೆ. ಕೆನಡಾದಲ್ಲಿ 2004ರಿಂದ ಅದರ ಮಾರಾಟವನ್ನೇ ನಿಷೇಧಿಸಿದ್ದಾರೆ.

ಎಳ್ಳು ಬೆಲ್ಲದ ಮಿಶ್ರಣ ಈ ವಯಸ್ಸಿಗೆ ಬೇಡವೇ ಬೇಡ. ಕಡಲೆಕಾಯಿ ಬೀಜ, ಹುರಿಗಡಲೆ, ಕೊಬ್ಬರಿ ಚೂರು, ಅಚ್ಚು ಬೆಲ್ಲ ಎಲ್ಲವೂ ಗಟ್ಟಿ. ಅಗಿಯುವ ಹಲ್ಲು ಬಂದಿರುವುದಿಲ್ಲ, ನಗುವಾಗಲೋ ಅಳುವಾಗಲೋ ಉಸಿರಿನ ಜೊತೆ ಒಳಗೆ ಹೋಗಿಬಿಡುತ್ತದೆ. ಇಡೀ ಬೀಜ ಕೊಡುವುದು ನಾಲ್ಕೈದು ವರ್ಷ ಆದಮೇಲೆ. ಎಳಚಿ ಹಣ್ಣಿನ ಓಟೆಯೂ ಅಷ್ಟೇ. ಅತ್ತೆಯವರಿಗೆ ಬೇಜಾರಾಗಬಾರದು ಅಂದರೆ ಎಳ್ಳು ಬೆಲ್ಲ ಸೇರಿಸಿ ಚಿಗಳಿ ಕುಟ್ಟಿಸಿ, ನಾಲಿಗೆಗೆ ಒಂದು ಚೂರು ಸವರಲಿ. ಆದರೆ ಕೆಲವು ಮಕ್ಕಳಿಗೆ ಎಳ್ಳು ಅಲರ್ಜಿ. ಇನ್ನೂ ಎಳ್ಳು ತಿನ್ನಿಸಿಲ್ಲ ಅಂದರೆ ಹಬ್ಬಕ್ಕೆ ಕೆಲವು ದಿನ ಮೊದಲೇ ಮನೆಯಲ್ಲಿ ಪುಡಿ ಮಾಡಿ ಗಂಜಿಯಲ್ಲಿ ಕಲಸಿ ಸ್ವಲ್ಪ ಕೊಟ್ಟು ನೋಡಿ. ಪೊಂಗಲ್ ಕೊಡಬಹುದು, ಗೋಡಂಬಿ, ಮೆಣಸಿನ ಕಾಳು ಆರಿಸಿ ತೆಗೆದು. ಅವರೆಕಾಳಿನ ಕಾಲ ಬೇರೆ, ಹಿಚುಕಿದ ಕಾಳನ್ನು ಚೆನ್ನಾಗಿ ಬೇಯಿಸಿ ಮಸೆದು ಅನ್ನಕ್ಕೆ ಕಲಸಿಕೊಡಿ.

ಧಾರವಾಡ

ನಮ್ಮ ಕಡೆ ಮೊದಲ ಸಂಕ್ರಾಂತಿಗೆ ಮಗುವಿಗೆ ಕಪ್ಪು ಬಟ್ಟೆ ಹಾಕಿ ಕುಸುರೆಳ್ಳಿನ ಆಭರಣ ತೊಡಿಸುತ್ತೇವೆ. ಕಿರೀಟ, ಹಾರ, ಬಾಜುಬಂದ್ ಎಲ್ಲಾ ಸಕ್ಕರೆ. ನೋಡೋಕೆ ಬಲು ಚೆಂದ. ನನ್ನ ಮಗಳು ಹಾರವನ್ನು ನೆಕ್ಕಿ ನೆಕ್ಕಿ ಎದೆಯೆಲ್ಲ ಅಂಟು ಮಾಡಿಕೊಂಡಿದ್ದಳು, ಇರುವೆಗಳಿಗೂ ಹಬ್ಬ. ಫೋಟೋ ತೆಗೆದ ಕೂಡಲೇ ಬಿಚ್ಚಿಡಿ. ಹೆದರುವ ಮಗುವಿಗೆ ಬಾರೆ ಹಣ್ಣಿಗಿಂತ (ನಿಮ್ಮ ಎಳಚಿ) ಚುರುಮುರಿ, ಅಂದರೆ ಬರೀ ಮಂಡಕ್ಕಿ, ಎರೆಯುವುದು ಲೇಸು. ಹಗುರ, ಬಿದ್ದಿದ್ದೇ ಗೊತ್ತಾಗುವುದಿಲ್ಲ.

ಮೊಮ್ಮಕ್ಕಳನ್ನು ಕಂಡ ಅಜ್ಜಿ, ತುಮಕೂರು

ನೋಡಮ್ಮ, "ನಡೆದಿಲ್ವಾ" ಅನ್ನುವವರಿಗೆ ನೀನು ಉತ್ತರ ಕೊಡೋಕೆ ಹೋಗಬೇಡ. ಅವರು ನಿನ್ನ ಗಂಡನ ಕಡೆಯವರು, ಅವನೇ ಹೇಳಲಿ. "ನಾನೂ ತಡವಾಗಿಯೇ ನಡೆದಿದ್ದು, ಅಮ್ಮನನ್ನು ಕೇಳಿ" ಅಂದರೆ ಮಾತು ಅತ್ತ ತಿರುಗುತ್ತದೆ. ನಿಮ್ಮತ್ತೆ ಆ ಕಥೆ ಹೇಳೋಕೆ ಕೂತರೆ ಸಾಯಂಕಾಲದವರೆಗೆ ಚಿಂತೆಯಿಲ್ಲ.

ಇನ್ನು ಅಳು. ಬಂದವರೆಲ್ಲ ಬಾಗಿಲಲ್ಲೇ ಮಗುವನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಕೊಡಬೇಡ. ಸೊಂಟದ ಮೇಲೆ ಕೂರಿಸಿಕೊಂಡು ನೀನೇ ಮಾತಾಡಿಸು. ಅಮ್ಮ ಇವರ ಜೊತೆ ನಗುತ್ತಿದ್ದಾಳೆ ಅಂತ ಕಂಡರೆ ಅದೇ ಆಮೇಲೆ ಕೈ ಚಾಚುತ್ತದೆ. ಎಳ್ಳು ಬೀರೋಕೆ ಹೋಗುವಾಗಲೂ ಹತ್ತು ಮನೆ ಸುತ್ತಿಸಬೇಡ, ಪಕ್ಕದ ಒಂದೆರಡು ಮನೆ ಸಾಕು.

ನ್ಯೂಜೆರ್ಸಿಯಿಂದ

ಇಲ್ಲಿ ಹಸಿ ಎಳಚಿ ಹಣ್ಣು ಸಿಗಲಿಲ್ಲ. ಚೀನೀ ಅಂಗಡಿಯ ಒಣಗಿದ ಎಳಚಿ ತಂದು ಎರೆದೆವು, ವಾರದ ನಡುವೆ ಬಂದ ಹಬ್ಬವನ್ನು ಶನಿವಾರಕ್ಕೆ ಹಾಕಿಕೊಂಡು. ಊರಿನಿಂದ ಅಮ್ಮ ವಿಡಿಯೋದಲ್ಲೇ ಆರತಿ ಹಾಡು ಹೇಳಿದರು. ನಿಮಗೆ ಅತ್ತೆಯೇ ಎದುರಿಗಿದ್ದಾರೆ, ಹಾಡು ಅವರಿಂದಲೇ ಹೇಳಿಸಿ, ರೆಕಾರ್ಡ್ ಮಾಡಿಟ್ಟುಕೊಳ್ಳಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಹಳೇ ಸೀರೆ ಈಗಲೇ ಬ್ಯಾಗಿಗೆ ಹಾಕಿದೆ. ಇನ್ನೊಂದು ಕೇಳೋದು ಮರೆತೆ. ಊರಲ್ಲಿ ಸಂಜೆ ಕಿಚ್ಚು ಹಾಯಿಸುತ್ತಾರೆ. ಕರೆದುಕೊಂಡು ಹೋಗಬಹುದಾ?

ಮೈಸೂರಿನಿಂದ

ರಾಸುಗಳನ್ನು ತೋರಿಸಬೇಕು ಅಂದರೆ ಮಧ್ಯಾಹ್ನವೇ ಕೊಟ್ಟಿಗೆಗೆ ಕರೆದುಕೊಂಡು ಹೋಗಿ. ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಬಲೂನು ಕಟ್ಟುವ ಹೊತ್ತು ಅದು. ಕಿಚ್ಚಿನ ಹತ್ತಿರ ಬೇಡ. ಹುಲ್ಲಿನ ಹೊಗೆ, ತಮಟೆ, ಕೂಗಾಟ, ಬೆಂಕಿ ದಾಟಿದ ಎತ್ತು ಯಾವ ಕಡೆ ನುಗ್ಗುತ್ತದೋ ಹೇಳೋಕಾಗಲ್ಲ. ಯಾರದಾದರೂ ಮನೆ ತಾರಸಿ ಸಿಕ್ಕರೆ ಅಲ್ಲಿಂದ ನೋಡಿ. ಅಷ್ಟು ಹೊತ್ತಿಗೆ ಅವಳು ಮಲಗಿದ್ದರೆ ಮಲಗಲಿ, ನೀವು ಹೋಗಿ ಬನ್ನಿ.