ಬೂಷ್ಟು ಹಿಡಿದ ಶೇಂಗಾ ತಿಂದಿದ್ದೀನಿ, ಎದೆಹಾಲು ಕೊಡಬಹುದಾ?

ಚಳ್ಳಕೆರೆ ಬಾಣಂತಿ:
ಮಗೂಗೆ 4 ತಿಂಗಳು, ಬರೀ ಎದೆಹಾಲು. ನಮ್ಮನೇಲಿ ಶೇಂಗಾ ಚಟ್ನಿ ಇಲ್ಲದ ದಿನವಿಲ್ಲ. ನಿನ್ನೆ ಮೂಟೆ ತಳದ ಕಾಯಿ ಸುಲಿದರೆ ಕಾಳಿನ ಮೇಲೆ ಹಳದಿ-ಹಸಿರು ಪುಡಿ, ಕಮಟು ವಾಸನೆ. 'ಹುರಿದರೆ ಹೋಗುತ್ತೆ' ಅಂತಾರೆ ಅತ್ತೆ. 15 ದಿನದಿಂದ ಅದೇ ಮೂಟೆಯದ್ದು ತಿಂದಿದ್ದೀನಿ. ರಾತ್ರಿಯೆಲ್ಲ ನಿದ್ದೆಯಿಲ್ಲ.

ಆಹಾರ ಲ್ಯಾಬಿನ ಅಕ್ಕ:
ಹಾಲು ಮಾತ್ರ ನಿಲ್ಲಿಸಬೇಡಮ್ಮ. ಆ ಬೂಷ್ಟು ಅಫ್ಲಾಟಾಕ್ಸಿನ್ ವಿಷ ಬಿಡಬಹುದು, ಹುರಿದರೂ ಪೂರ್ತಿ ಹೋಗಲ್ಲ. ತಿಂದ ಆ ವಿಷದ ಬಿ1 ಅನ್ನೋ ಬಗೆ ನಮ್ಮ ಲಿವರ್‌ನಲ್ಲಿ ಎಂ1 ಅನ್ನೋ ಇನ್ನೊಂದು ರೂಪವಾಗಿ, ಸಣ್ಣ ಪಾಲು ಹಾಲಿಗಿಳಿಯುತ್ತೆ. ತಿನ್ನೋದು ಬಿಟ್ಟರೆ ಕೆಲವೇ ದಿನದಲ್ಲಿ ಕಡಿಮೆಯಾಗುತ್ತೆ. ಆಫ್ರಿಕಾದ ಬೆನಿನ್, ಟೋಗೋದಲ್ಲಿ ರಕ್ತದಲ್ಲಿ ಈ ವಿಷ ಹೆಚ್ಚಿದ್ದ ಮಕ್ಕಳ ಬೆಳವಣಿಗೆ ಕುಂಠಿತವಾಗಿತ್ತು. ಆದರೆ ನೋಡು, ಎದೆಹಾಲು ಬಿಟ್ಟು ಮೆಕ್ಕೆಜೋಳ, ಶೇಂಗಾಕ್ಕೆ ಬಂದ ಮಕ್ಕಳಲ್ಲೇ ಆ ವಿಷ ಜಾಸ್ತಿ ಇದ್ದದ್ದು. ಅಂಗನವಾಡಿಯಲ್ಲಿ ತಿಂಗಳು ತಿಂಗಳು ತೂಕ ಹಾಕಿಸು.

ಹಿರಿಯೂರು ರೈತ:
ತಂಗಿ, ಆ ಮೂಟೆ ಹಸುವಿಗೂ ಹಾಕಬೇಡಿ, ಅದರ ಹಾಲಿಗೂ ಬರುತ್ತೆ. ಅಲ್ಲಾಡಿಸಿದರೆ ಗಲಗಲ ಅನ್ನೋವರೆಗೆ ಕಾಯಿ ಒಣಗಿಸಿ, ಮೂಟೆ ನೆಲಕ್ಕೆ ತಾಗದ ಹಾಗೆ ಹಲಗೆ ಮೇಲಿಡಿ.

ಚಳ್ಳಕೆರೆ ಬಾಣಂತಿ:
ಅತ್ತೆಗೂ ಓದಿ ಹೇಳಿದೆ. ಮೂಟೆ ಹೊರಗೆ ಹೋಯ್ತು. ಮಗು ಹಾಲು ಕುಡೀತಾ ಇದೆ.