ರಕ್ತನಾಳದ ಹೊರಗಡೆ ಇರೋ ಕೊಬ್ಬಿಂದ ಹಾರ್ಟ್‌ಗೆ ತೊಂದ್ರೆ ಹೇಗಾಗುತ್ತೆ?

ಪ್ರಶ್ನೆ:
ಎಲ್ರಿಗೂ ನಮಸ್ಕಾರ. ಅಪ್ಪಂಗೆ ಹಾರ್ಟ್ ಸಿಟಿ ಸ್ಕ್ಯಾನ್ ಮಾಡಿಸಿದ್ವಿ, ದೊಡ್ಡ ಬ್ಲಾಕ್ ಇಲ್ಲ ಆದ್ರೆ ರಕ್ತನಾಳದ ಸುತ್ತ ಇರೋ ಕೊಬ್ಬಲ್ಲಿ ಉರಿಯೂತ ಕಾಣ್ತಿದೆ ಅಂತ ಹೇಳಿ ಡಾಕ್ಟ್ರು ಮಾತ್ರೆ ಡೋಸ್ ಜಾಸ್ತಿ ಮಾಡಿದ್ರು. ಕೊಲೆಸ್ಟ್ರಾಲ್ ನಾಳದ ಒಳಗೆ ಕಟ್ಕೊಳ್ಳುತ್ತೆ ಅಂತ ಗೊತ್ತಿತ್ತು, ಹೊರಗಿನ ಕೊಬ್ಬು ಏನ್ ಮಾಡುತ್ತೆ? ಅಪ್ಪ ದಪ್ಪಾನೂ ಇಲ್ಲ. ರಾತ್ರಿ ನಿದ್ದೆ ಬರ್ತಿಲ್ಲ, ಗೊತ್ತಿರೋರು ಹೇಳಿ.

ಉತ್ತರ 1:
ನಾನು ಲ್ಯಾಬಲ್ಲಿ ಇದೇ ಕೆಲ್ಸ ಮಾಡ್ತಿದ್ದೆ. ಇಲಿಯ ಮಹಾಪಧಮನಿ ಹೊರತೆಗೆದ ತಕ್ಷಣ ಅದಕ್ಕೆ ಅಂಟ್ಕೊಂಡಿರೋ ಕೊಬ್ಬನ್ನ ಸಣ್ಣ ಕತ್ತರೀಲಿ ಬಿಡಿಸಿ ಎಸೀಬೇಕು, ಆಮೇಲೆ ನಾಳನ ಉಂಗುರದ ಥರ ಕತ್ತರಿಸಿ ಕೊಕ್ಕೆಗೆ ಸಿಗಿಸಿ ಎಷ್ಟು ಬಿಗಿಯಾಗುತ್ತೆ ಅಂತ ಅಳೆಯೋದು. ತುಂಬಾ ವರ್ಷ ಎಲ್ರೂ ಹಿಂಗೇ ಮಾಡ್ತಿದ್ರು. 1991ರಲ್ಲಿ ಸೋಲ್ಟಿಸ್ ಮತ್ತೆ ಕ್ಯಾಸಿಸ್ ಅನ್ನೋರು ಕೊಬ್ಬು ತೆಗೀದೆ ಹಾಗೇ ಇಟ್ಟು ಪರೀಕ್ಷೆ ಮಾಡಿದಾಗ, ನಾಳನ ಬಿಗಿ ಮಾಡೋ ನಾರ್‌ಅಡ್ರಿನಲಿನ್ ಹಾಕಿದ್ರೂ ನಾಳ ಅಷ್ಟಾಗಿ ಬಿಗಿಯಾಗ್ಲಿಲ್ಲ. ಅಂದ್ರೆ ಆರೋಗ್ಯವಾಗಿರೋ ಕೊಬ್ಬು ನಾಳನ ಸಡಿಲ ಇಡುತ್ತೆ, ಅಡಿಪೊನೆಕ್ಟಿನ್ ಅನ್ನೋ ಹಾರ್ಮೋನು, ನೈಟ್ರಿಕ್ ಆಕ್ಸೈಡ್ ಅನ್ನೋ ಅನಿಲ, ಹಿಂಗೆ ನಾಳ ಸಡಿಲಿಸೋ ವಸ್ತುಗಳೆಲ್ಲ ಅಲ್ಲಿಂದ ಬರ್ತವೆ. ಬೊಜ್ಜು ಬಂದಾಗ ಆ ಕೊಬ್ಬಿನ ಕೋಶಗಳು ಊದ್ಕೊಂಡು ಆಕ್ಸಿಜನ್ ಸಾಲದೆ ಉರಿಯೂತ ಶುರುವಾಗುತ್ತೆ, ಅಡಿಪೊನೆಕ್ಟಿನ್ ಕಡಿಮೆಯಾಗಿ ಉರಿಯೂತದ ರಾಸಾಯನಿಕಗಳು ಹೊರಗಿಂದಾನೇ ನಾಳದ ಗೋಡೆಗೆ ಇಳೀತವೆ.

ಉತ್ತರ 2:
ನಿಮ್ಮಪ್ಪ ದಪ್ಪ ಇಲ್ಲ ಅಂದ್ರಲ್ಲ, ಅದಕ್ಕೆ ಉತ್ತರ ಇಲ್ಲಿದೆ ನೋಡಿ. ಕೊಬ್ಬು ನಾಳನ ಕೆಡಿಸೋದಷ್ಟೇ ಅಲ್ಲ, ನಾಳದ ಗೋಡೆಯಲ್ಲಿ ಉರಿಯೂತ ಇದ್ರೆ ಅದೂ ಸುತ್ತಲಿನ ಕೊಬ್ಬಿಗೆ ಸಿಗ್ನಲ್ ಕಳ್ಸುತ್ತೆ. ಆಗ ಅಲ್ಲಿನ ಎಳೆ ಕೋಶಗಳು ಪೂರ್ತಿ ಬೆಳೆದು ಕೊಬ್ಬು ತುಂಬ್ಕೊಳ್ಳಲ್ಲ, ನೀರಿನಂಶ ಹೆಚ್ಚಾಗುತ್ತೆ. ಸಿಟಿ ಅಳತೇಲಿ ನೀರು 0, ಕೊಬ್ಬು ಸುಮಾರು −190 ರಿಂದ −30, ಹಾಗಾಗಿ ನಂಬರ್ ಸೊನ್ನೆ ಕಡೆ ಸರಿದ್ರೆ ಅಲ್ಲಿ ಉರಿಯೂತ ಇರಬಹುದು ಅಂತ. ಆಕ್ಸ್‌ಫರ್ಡ್‌ನೋರು ಇದನ್ನ ಕಂಡ್ಕೊಂಡಿದ್ದು. 2018ರಲ್ಲಿ 3900ಕ್ಕೂ ಹೆಚ್ಚು ಜನರ ಸ್ಕ್ಯಾನ್ ನೋಡಿದಾಗ −70.1ಕ್ಕಿಂತ ಸೊನ್ನೆ ಹತ್ರ ಇದ್ದೋರಿಗೆ ಹೃದಯದ ಕಾಯಿಲೆಯಿಂದ ಸಾಯೋ ಅಪಾಯ ಜಾಸ್ತಿ ಅಂತ ಗೊತ್ತಾಯ್ತು. ಗಾಬರಿ ಬೀಳ್ಬೇಡಿ, ಬ್ಲಾಕ್ ಆಗೋ ಮುಂಚೇನೇ ಕಾಣಿಸ್ತಲ್ಲ, ಅದು ಒಳ್ಳೇದೇ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್, ಈಗ ಸ್ವಲ್ಪ ಜೀವ ಬಂತು. ಆ ಕೊಬ್ಬನ್ನ ಆಪರೇಷನ್ ಮಾಡಿ ತೆಗ್ಸಕ್ಕಾಗಲ್ವಾ?

ಉತ್ತರ 3:
ತೆಗೀಬಾರ್ದು ಮೇಡಂ. ಬೈಪಾಸ್‌ಗೆ ಕಾಲಿಂದ ರಕ್ತನಾಳ ತೆಗೀತಾರಲ್ಲ, ಮುಂಚೆ ಸುತ್ತಲಿನ ಕೊಬ್ಬು ಬಿಡಿಸಿ ಕ್ಲೀನ್ ಮಾಡಿ ಹಾಕ್ತಿದ್ರು. ಸ್ವೀಡನ್‌ನ ಒರೆಬ್ರೊದಲ್ಲಿ ಸೋಜಾ ಅನ್ನೋ ಸರ್ಜನ್ ಕೊಬ್ಬಿನ ಸಮೇತ ತೆಗೆದು ಹಾಕಿದ್ರು, ಅಂಥ ನಾಳಗಳು ಹೆಚ್ಚು ವರ್ಷ ಮುಚ್ಚದೆ ಉಳಿದವು. ಕಾಲಿನ ಗಾಯ ಮಾಯೋದು ಮಾತ್ರ ಸ್ವಲ್ಪ ಕಷ್ಟ ಆಗುತ್ತೆ. ನಿಮ್ಮಪ್ಪಂಗೆ ಬೇಕಿರೋದು ಆ ಕೊಬ್ಬು ಸರಿಹೋಗೋದು, ಅದಕ್ಕೇ ಮಾತ್ರೆ ತಪ್ಪಿಸ್ಬೇಡಿ, ಬಿಪಿ ಶುಗರ್ ನೋಡ್ಕೊಳ್ಳಿ, ದಿನಾ ವಾಕಿಂಗ್‌ಗೆ ಕರ್ಕೊಂಡ್ ಹೋಗಿ. ಸಿಗರೇಟ್ ಸೇದ್ತಾರಾ?

ಪ್ರಶ್ನೆ ಕೇಳಿದವರು:
ಹೂಂ, ದಿನಕ್ಕೆ ನಾಲ್ಕೈದು. ಇವತ್ತೇ ಕೂತು ಮಾತಾಡ್ತೀನಿ.